ಈಶಾನ್ಯ ಮೂಲೆಯ ಗಂಧ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಇನ್ಯಾರೋ ಹೇಳಿ ನಿಮಗೆ ಗೊತ್ತಾಗುವುದು ಬೇಡ. ಹೊಳೆನರಸೀಪುರದಲ್ಲಿ ನಮ್ಮ ಬೀದಿಯ ಗೋಪಾಲಸ್ವಾಮಿ ಗುಡಿಯ ಅರ್ಚಕ ಮುರಳೀಕೃಷ್ಣ ಅಂದರೆ, ಮಂತ್ರಕ್ಕಿಂತ ಬೈಗುಳ ಜೋರು ಅನ್ನುತ್ತಾರೆ. ಅನ್ನಲಿ. ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ಬಸ್ ಸ್ಟ್ಯಾಂಡಿನ ಹಿಂದುಗಡೆ ಲ್ಯಾಪ್‌ಟಾಪ್ ರಿಪೇರಿ ಮಾಡುವ ಮಾನಸಾಳ ಕಥೆ. ನನ್ನನ್ನು ಒಂದು ಮಧ್ಯಾಹ್ನ ಪೂರ್ತಿ ಬಾಯಿ ಮುಚ್ಚಿಸಿ ಕೂರಿಸಿದವಳು ಈ ಭೂಮಿಯ ಮೇಲೆ ಅವಳೊಬ್ಬಳೇ.

ಮಾನಸಾ ಕಟ್ಟಾಯದ ಕಡೆಯವಳು. ವಯಸ್ಸು ಇಪ್ಪತ್ತೆಂಟು. ಅಪ್ಪ ಕಾಳಯ್ಯ ಬೇಸಾಯಗಾರ, ಜೊತೆಗೆ ಸುತ್ತಮುತ್ತಲಿನ ಹಳ್ಳಿಗಳ ದನಗಳಿಗೆ ನಾಟಿ ಮದ್ದು ಕೊಡುವವರು. ಹಸು ಮೇವು ಬಿಟ್ಟರೆ, ಎತ್ತು ಕುಂಟಿದರೆ ಕಾಳಯ್ಯನವರಿಗೆ ಕರೆ ಬರುತ್ತಿತ್ತು. ಸಣ್ಣವಳಿದ್ದಾಗ ಅಪ್ಪನ ಹಿಂದೆ ಮದ್ದಿನ ಚೀಲ ಹೊತ್ತುಕೊಂಡು ಓಡಾಡಿದವಳು ಇವಳು. ಕಾಳಯ್ಯ ಎಂದೂ ದನವನ್ನು ತಮ್ಮ ಮನೆಗೆ ಹೊಡೆಸಿಕೊಳ್ಳುತ್ತಿರಲಿಲ್ಲವಂತೆ. ತಾವೇ ಕೊಟ್ಟಿಗೆಗೆ ಹೋಗಿ, ಗೊಂತು ನೋಡಿ, ಗಂಜಲದ ವಾಸನೆ ನೋಡಿ, ಆಮೇಲೆ ಮನೆಯವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರಂತೆ. ಬಾಯಿಲ್ಲದ ಪ್ರಾಣಿ, ಅದರ ಪರವಾಗಿ ಮನೆಯವರೇ ಬಾಯಿ ಬಿಡಬೇಕು ಅನ್ನುವುದು ಅವರ ಮಾತು. ಮಗಳು ಆ ವಿದ್ಯೆಯನ್ನು ಹಾಗೇ ಎತ್ತಿಕೊಂಡು ಬಂದು ಲ್ಯಾಪ್‌ಟಾಪ್‌ಗೆ ಹಾಕಿದ್ದಾಳೆ.

ಹಾಸನದಲ್ಲಿ ಡಿಪ್ಲೊಮಾ ಓದಿದಳು, ಆದರೆ ಮುಗಿಸಲಿಲ್ಲ. ಗಣಿತದ ಒಂದು ಪೇಪರ್ ಉಳಿದುಕೊಂಡಿತು. ಅಲ್ಲೇ ಒಂದು ರಿಪೇರಿ ಅಂಗಡಿ ಸೇರಿದಳು. ಕೆಲಸವೆಲ್ಲ ಇವಳದು, ಆದರೆ ಗಿರಾಕಿಗಳಿಗೆ ನಂಬಿಕೆಯಿಲ್ಲ. ಸಾಲಗಾಮೆಯಿಂದ ಬಂದ ಒಬ್ಬ ಮೇಷ್ಟ್ರು ಲ್ಯಾಪ್‌ಟಾಪನ್ನು ಮಗುವಿನ ಹಾಗೆ ತಬ್ಬಿಕೊಂಡು, "ಮಾಡೋರು ಯಾರೂ ಬಂದಿಲ್ವೇನಮ್ಮ?" ಅಂತ ಎರಡು ಗಂಟೆ ಕಾದರಂತೆ. ಮಾಡುವವಳು ಎದುರಿಗೇ ಕೂತಿದ್ದಳು. ಆ ತಿಂಗಳೇ ಅವಳು ಹಾಸನ ಬಿಟ್ಟು ನಮ್ಮೂರಿಗೆ ಬಂದು ಸ್ವಂತ ಅಂಗಡಿ ಇಟ್ಟಳು.

"ಅಂಗ್ಡೀಲಿ ನಾನೊಬ್ಳೇ ಇದ್ರೆ ನನ್ ಕೈಗೇ ಕೊಡ್ಬೇಕಲ್ಲ ಅಯ್ನೋರೆ, ಇನ್ಯಾರಿಗ್ ಕೊಟ್ಟಾರು?" ಅಂತ ನಗುತ್ತಾಳೆ. ಬೋರ್ಡಿನ ಮೇಲೆ ಬರೀ "ಮಾನಸಾ ಕಂಪ್ಯೂಟರ್ಸ್". ಹೆಸರಿನ ಮುಂದೆ ಡಿಪ್ಲೊಮಾ ಅಂತ ಬರೆಸಬಾರದೇ ಅಂದಿದ್ದಕ್ಕೆ, "ಒಂದ್ ಪೇಪರ್ ಐತಲ್ಲ, ಸುಳ್ಳಾಯ್ತದೆ" ಅಂದಳು.

ಅವಳ ಅಂಗಡಿಯ ಪ್ರಾರಂಭದ ಪೂಜೆ ಮಾಡಿದ್ದು ನಾನೇ. ಇಲ್ಲಿ ನನ್ನ ಪದ್ಧತಿಯನ್ನು ಸ್ವಲ್ಪ ಹೇಳಬೇಕು, ಮುಂದಿನದಕ್ಕೆಲ್ಲ ಅದೇ ಮೂಲ. ಆಯುಧಪೂಜೆಗೆ ಕೆಲವರು ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಎಲ್ಲೆಂದರಲ್ಲಿ ಕುಂಕುಮ ಬಳಿಯುತ್ತಾರೆ. ನಾನು ಹಾಗಲ್ಲ. ಮುಚ್ಚಳ ತೆಗೆಸಿ, ಕೂರುವವರ ಮುಖ ಪೂರ್ವಕ್ಕೆ ಬರುವಂತೆ ಇಡಿಸುತ್ತೇನೆ. ಆಗ ಎಡಗೈ ಕಡೆಯ ಮೇಲಿನ ತುದಿ ಈಶಾನ್ಯವಾಗುತ್ತದೆ. ಈಶಾನ್ಯ ದೇವಮೂಲೆ. ಆ ಮೂಲೆಗೆ ಕಲ್ಲಿನ ಮೇಲೆ ತೇಯ್ದ ಗಂಧ, ಎರಡು ಅಕ್ಷತೆ, ಒಂದು ಉದ್ಧರಣೆಯ ತುದಿಯಷ್ಟು ತೀರ್ಥ. ಊರಿನವರಿಗೆ ನನ್ನ ಈ ಕ್ರಮ ಬಹಳ ಹಿಡಿಸಿತ್ತು. ನಮ್ಮ ಮನೆಯ ಲ್ಯಾಪ್‌ಟಾಪಿಗಂತೂ ಪ್ರತಿ ಶುಕ್ರವಾರ ನಡೆಯುತ್ತಿತ್ತು.

ನಮ್ಮ ಮನೆಯ ಲ್ಯಾಪ್‌ಟಾಪ್ ಅಂದರೆ ನನ್ನ ಹೆಂಡತಿ ರಂಜನಿಯದು. ಅವಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ನಮ್ಮ ಮದುವೆಯಾಯಿತು. ಪರೀಕ್ಷೆಗೆ ನಾಲ್ಕು ದಿನವಿದೆ ಅನ್ನುವಾಗ ನಮ್ಮಮ್ಮ ಗೋದಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. "ಮುಂದಿನ ವರ್ಷ ಕಟ್ಟಿದರಾಯಿತು ಬಿಡು" ಅಂದವನು ನಾನು. ಹೇಳಿ ಮರೆತೆ. ಅವಳು ಮರೆಯಲಿಲ್ಲ. ಆ ಮಾತೆತ್ತದೆ ಹದಿನಾರು ವರ್ಷ ಕಳೆದು, ಆರು ವರ್ಷದ ಹಿಂದೆ ದೂರಶಿಕ್ಷಣದಲ್ಲಿ ಮೊದಲಿನಿಂದ ಸೇರಿಕೊಂಡಳು. ಒಂದೊಂದೇ ಪೇಪರ್ ಮುಗಿಸಿಕೊಂಡು ಬಂದು, ಹೋದ ಜೂನಿನಲ್ಲಿ ಕಡೆಯದೊಂದು ಗಣಿತ ಉಳಿದಿತ್ತು. ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಬರೆಯುವ ಪರೀಕ್ಷೆ. ಆರು ವರ್ಷದ ಗಡುವು ಆ ತಿಂಗಳಿಗೇ ಮುಗಿಯುತ್ತಿತ್ತು. ಆವತ್ತು ಬರೆಯಲಿಲ್ಲವೆಂದರೆ ನೋಂದಣಿ ರದ್ದು, ಪಾಸಾದ ಪೇಪರುಗಳೂ ಲೆಕ್ಕಕ್ಕಿಲ್ಲ.

ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ರಂಜನಿ ಪರೀಕ್ಷೆಯ ಸಾಫ್ಟ್‌ವೇರ್ ತೆರೆದು ನೋಡಿದರೆ ಕೆಂಪು ಅಕ್ಷರ. ಲ್ಯಾಪ್‌ಟಾಪಿನಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲು ಆಫ್ ಆಗಿದೆ, ಆನ್ ಮಾಡದೆ ಪ್ರಶ್ನೆಪತ್ರಿಕೆ ತೆರೆಯುವುದಿಲ್ಲ. ಕಳ್ಳಾಟ ತಡೆಯಲು ಈ ಸಲ ತಂದ ಹೊಸ ನಿಯಮವಂತೆ. ಹೆಲ್ಪ್‌ಲೈನಿನ ಹುಡುಗಿ ಬಲು ಮರ್ಯಾದೆಯಿಂದ, "ಮೇಡಂ, ಆನ್ ಆಗುವಾಗ ಎಫ್-ಟು ಒತ್ತಿ, ವಿಂಡೋಸ್ ಬರುವ ಮೊದಲೇ ಬಯೋಸ್ ಅಂತ ಒಂದು ಒಳಗಿನ ಸೆಟ್ಟಿಂಗ್ ತೆರೆಯುತ್ತೆ, ಅಲ್ಲಿ ಆನ್ ಮಾಡಿ" ಅಂದಳು. ರಂಜನಿ ಒತ್ತಿದಳು. ತೆರೆಯಲಿಲ್ಲ, ಸೀದಾ ವಿಂಡೋಸ್ ಬಂತು. ಮತ್ತೆ ಒತ್ತಿದಳು, ಮತ್ತೆ ಅದೇ. ಹತ್ತು ಸಲ ಆದ ಮೇಲೆ ನಾನು ನುಗ್ಗಿದೆ. "ಸರಿಯಾಗಿ ಒತ್ತೋಕೆ ಬರಲ್ಲ ನಿನಗೆ" ಅಂತ ಅವಳನ್ನು ಬೈದು, ಹೆಬ್ಬೆರಳಲ್ಲಿ ಅದುಮಿದೆ. ಆಗಲಿಲ್ಲ. ಕರೆಂಟಿನವರನ್ನು ಬೈದೆ, ಇಂಟರ್‌ನೆಟ್ಟಿನವರನ್ನು ಬೈದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ರೀ, ಕೂಗಾಡಿದ್ದು ಸಾಕು. ಮಾನಸಾನ ಕರೆದುಕೊಂಡು ಬನ್ನಿ" ಅಂದಳು ರಂಜನಿ.

ಅಂಗಡಿಗೆ ಓಡಿದೆ. ಮಾನಸಾ ಅರಕಲಗೂಡಿನಿಂದ ಬಂದ ಒಂದು ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಳು, ಅದರ ಫ್ಯಾನ್ ತುಂಬ ಹೊಗೆಸೊಪ್ಪಿನ ಪುಡಿ. ಯಾವ ಊರಿನ ಮಿಷನ್ ಅಂತ ಅದರ ಧೂಳು ನೋಡಿಯೇ ಹೇಳುತ್ತಾಳೆ. ಚನ್ನರಾಯಪಟ್ಟಣದ್ದಾದರೆ ತೆಂಗಿನ ನಾರು, ಅರಕಲಗೂಡಿನದಾದರೆ ಹೊಗೆಸೊಪ್ಪು. ನಾನು ಉಸಿರು ಬಿಡದೆ ವಿಷಯ ಹೇಳಿ, ಲ್ಯಾಪ್‌ಟಾಪ್ ತಂದುಬಿಡಲಾ ಅಂದೆ.

"ತರ್ಬ್ಯಾಡಿ ಅಯ್ನೋರೆ, ನಾನೇ ಬತ್ತೀನಿ. ಅದು ಇರೋ ಜಾಗನೂ ನೋಡ್ಬೇಕು" ಅಂದು ಚೀಲ ಹೆಗಲಿಗೇರಿಸಿದಳು.

ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಇರುವುದು ನಡುಮನೆಯಲ್ಲಿ, ದೇವರ ಕೋಣೆಯ ಪಕ್ಕದ ಮೇಜಿನ ಮೇಲೆ. ಮಾನಸಾ ಅದನ್ನು ಮುಟ್ಟಲೇ ಇಲ್ಲ. ಕುರ್ಚಿ ಎಳೆದುಕೊಂಡು ಕೂತು ಪ್ರಶ್ನೆ ಶುರುಮಾಡಿದಳು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು, ನನ್ನ ತಲೆ ಕಾದ ಕಾವಲಿ.

"ಅಕ್ಕ, ಇದನ್ನ ಆಫ್ ಎಂಗ್ ಮಾಡ್ತೀರಾ?"

"ಮುಚ್ಚಳ ಮಡಚಿ ಇಡ್ತೀನಿ" ಅಂದಳು ರಂಜನಿ. "ಇವತ್ತು ಮಾತ್ರ ಷಟ್‌ಡೌನ್ ಮಾಡಿ ಮಾಡಿ ನೋಡಿದೆ."

"ಮಡಚಿಕ್ಕಿದ್ರೆ ಅದು ಮಲಗ್ದಂಗೆ ಅಷ್ಟೇ ಕಣಕ್ಕ. ಷಟ್‌ಡೌನ್ ಕೊಟ್ರೂ ಕೆಲವು ಪೂರ್ತಿ ಮಲಗಕಿಲ್ಲ, ಅರೆನಿದ್ದೇಲಿ ಇದ್ದು ದಡಕ್ಕಂತ ಎದ್ದುಬುಡ್ತವೆ. ಆಗ ಬಟನ್ ಒತ್ತಿದ್ದು ಅದುಕ್ಕೆ ಗ್ಯಾನ ಇರಾಕಿಲ್ಲ. ರೀಸ್ಟಾರ್ಟ್ ಕೊಟ್ರೆ ಪೂರ್ತಿ ಮಲಗಿ ಏಳ್ತದೆ. ಮದ್ಲು ಅದ್ನ ನೋಡುವಾ."

ರೀಸ್ಟಾರ್ಟ್ ಕೊಟ್ಟಳು, ಎಫ್-ಟು ಒತ್ತಿದಳು. ವಿಂಡೋಸ್ ಬಂತು. ಚೀಲದಿಂದ ಬೇರೊಂದು ಕೀಬೋರ್ಡ್ ತೆಗೆದು ಸಿಕ್ಕಿಸಿ ಅದರಲ್ಲಿ ಒತ್ತಿದಳು. ಆಗಲೂ ವಿಂಡೋಸೇ. ಹೊರಗಿನಿಂದ ಸಿಕ್ಕಿಸಿದ್ದು ಈ ಮಿಷನ್‌ಗೆ ಗೊತ್ತಾಗುವುದು ವಿಂಡೋಸ್ ಬಂದ ಮೇಲೇ ಅಂದಳು. ವಿಂಡೋಸಿನ ಒಳಗಿಂದಲೇ ಬಯೋಸಿಗೆ ಹೋಗುವ ಇನ್ನೊಂದು ದಾರಿ ಇರುತ್ತದಂತೆ, ಅದನ್ನೂ ಹುಡುಕಿದಳು. ನೀಲಿ ಪರದೆಯ ಮೇಲೆ ಆ ಸಾಲೇ ಇರಲಿಲ್ಲ.

"ಎಲ್ಲದ್ರಲ್ಲೂ ಈ ಹಿತ್ಲ ಬಾಗ್ಲು ಇರಾಕಿಲ್ಲ. ಇದುಕ್ಕೆ ಮುಂದ್ಲ ಬಾಗ್ಲೊಂದೇ" ಅಂದಳು.

ಹನ್ನೆರಡಾಯಿತು. ರಂಜನಿ ಸೂತ್ರಗಳ ಪುಸ್ತಕ ಹಿಡಿದು ಅಡುಗೆಮನೆಗೆ ಹೋದಳು. ಓದುತ್ತಿದ್ದಾಳೋ ಅಳುತ್ತಿದ್ದಾಳೋ ಇಣುಕಿ ನೋಡುವ ಧೈರ್ಯ ನನಗಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. "ಗೋಪಾಲಸ್ವಾಮಿ, ಇಷ್ಟು ವರ್ಷ ನಿನಗೆ ಗಂಧ ತೇಯ್ದಿದ್ದೀನಲ್ಲೋ" ಅಂತ ಮನಸ್ಸಿನಲ್ಲೇ ಜಗಳಕ್ಕೆ ನಿಂತೆ.

ಒತ್ತಿದ ಕೀಗಳನ್ನೆಲ್ಲ ಪರದೆಯ ಮೇಲೆ ತೋರಿಸುವ ಒಂದು ಪುಟವನ್ನು ಮಾನಸಾ ತೆರೆದು, ಒಂದೊಂದೇ ಒತ್ತುತ್ತ ಬಂದಳು. ಎಲ್ಲವೂ ಹಸಿರಾದವು. ಎಫ್-ಟು ಮಾತ್ರ ಹಾಗೇ ಇತ್ತು. ಅವಳು ಲ್ಯಾಪ್‌ಟಾಪನ್ನು ಬಾಗಿಲ ಬಿಸಿಲಿಗೆ ಒಯ್ದು ಓರೆ ಮಾಡಿ ಹಿಡಿದಳು. ಆಮೇಲೆ ಮೇಜು ನೋಡಿದಳು, ದೇವರ ಕೋಣೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಅಯ್ನೋರೆ, ಇಲ್ಲಿ ಕುಂತ್ರೆ ಮುಖ ಯಾವ ಕಡೀಕ್ ಬತ್ತದೆ?"

"ಪೂರ್ವಕ್ಕೆ. ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?" ಅಂದೆ. ಅನ್ನುವಾಗಲೇ ಗಂಧ ತೇಯುವ ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಅವಳು ಚಿಕ್ಕ ಚಪ್ಪಟೆ ಕಡ್ಡಿಯೊಂದನ್ನು ಎಫ್-ಟು ಕೀಯ ಅಂಚಿಗೆ ತೂರಿಸಿ ಮೀಟಿದಳು. ಕೀ ಪಟ್ಟಂತ ಎದ್ದು ಬಂತು. ಅದರ ಅಡಿಯಲ್ಲಿ ಒಣಗಿ ಗಟ್ಟಿಯಾದ ಗಂಧ, ಗಾರೆ ಮೆತ್ತಿದಂತೆ. ಅದರ ನಡುವೆ ಹಾಯಾಗಿ ಒಂದು ಕೆಂಪು ಅಕ್ಷತೆ ಕಾಳು. ನನ್ನದೇ ಗಂಧ, ನನ್ನದೇ ಅಕ್ಷತೆ.

ಮಾನಸಾ ದನಿ ತಗ್ಗಿಸಿ, "ಇದು ಹದಿನಾರನೇದು ಅಯ್ನೋರೆ" ಅಂದಳು. "ಈ ಊರಲ್ಲಿ ನೀವು ಪೂಜೆ ಮಾಡಿರೋ ಮಿಷನ್‌ಗಳಲ್ಲಿ ಹದ್ನೈದಕ್ಕೆ ಈ ಬಟನ್ ಓಗಿತ್ತು. ಎಲ್ಲಾನೂ ನಾನೇ ಕ್ಲೀನ್ ಮಾಡಿವ್ನಿ."

"ಮತ್ತೆ ಒಂದು ಮಾತು ಹೇಳಬಾರದಿತ್ತೇನೇ ತಾಯಿ?"

"ದೇವ್ರ ಪರ್ಸಾದ. ಅದುಕ್ಕೆ ತಪ್ಪು ಅನ್ನಕ್ಕೆ ನಾನ್ಯಾರು? ಅದೂ ಅಲ್ದೆ, ನೀವು ಬೈತೀರಾ."

ಅವಳ ಅಂಗಡಿಯ ಪೂಜೆಯ ದಿನವೂ ಹಾಗೇ ಹಾಕಿದ್ದೆನಲ್ಲ ಅಂತ ನೆನಪಾಗಿ ಕೇಳಿದರೆ, "ನೀವು ಮೆಟ್ಲು ಇಳೀತಿದ್ದಂಗೇ ಒರೆಸ್ಬುಟ್ಟೆ" ಅಂದಳು. ನನಗೆ ನಗು, ನಾಚಿಕೆ, ಭಯ ಎಲ್ಲ ಒಟ್ಟಿಗೇ ಬಂದವು. ಅಡುಗೆಮನೆಯ ಕಡೆ ತಿರುಗಿ ನೋಡಿ, "ಅವಳಿಗೆ ಹೇಳಬೇಡಮ್ಮ" ಅಂದೆ. ಹೌದು, ಅಷ್ಟು ಸಣ್ಣವನಾದೆ.

"ನಾನ್ ಹೇಳಕಿಲ್ಲ. ಮನೆಯೋರು ಹೇಳ್ಬೇಕಾದ್ದ ಮನೆಯೋರೇ ಹೇಳ್ಬೇಕು" ಅಂದು ಸ್ಪಿರಿಟ್ ಅದ್ದಿದ ಹತ್ತಿಕಡ್ಡಿಯಲ್ಲಿ ಉಜ್ಜತೊಡಗಿದಳು.

ಉಜ್ಜಿ, ಊದಿ, ಕೀಯನ್ನು ಕೂರಿಸುವ ಹೊತ್ತಿಗೆ ಒಂದು ಗಂಟೆ. ಪರದೆಯ ಮೇಲೆ ಎಫ್-ಟು ಹಸಿರಾಯಿತು. ರೀಸ್ಟಾರ್ಟ್ ಕೊಟ್ಟಾಗ ನಾನೇ ಒತ್ತುತ್ತೇನೆಂದು ಒತ್ತಿ ಹಿಡಿದೆ. ಸೀದಾ ವಿಂಡೋಸ್! "ಅಯ್ಯೋ ದೇವರೇ" ಅಂತ ಕಿರುಚಿಬಿಟ್ಟೆ. ರಂಜನಿ ಅಡುಗೆಮನೆಯಿಂದ ಓಡಿ ಬಂದಳು.

"ಅದುಮಿ ಹಿಡೀಬ್ಯಾಡಿ, ಟಪಟಪ ಅಂತ ಒತ್ತಿ ಒತ್ತಿ ಬುಡ್ಬೇಕು. ಅಕ್ಕ, ನೀವ್ ಬನ್ನಿ" ಅಂದಳು ಮಾನಸಾ. ರಂಜನಿ ಕೂತಳು. ಪರದೆ ಕಪ್ಪಾಗುತ್ತಿದ್ದಂತೆ, ಸಾಸಿವೆ ಚಟಗುಟ್ಟುವಂತೆ ಅವಳ ಬೆರಳು ಕೀಯ ಮೇಲೆ ಕುಣಿಯಿತು. ಬಂತು. ಬೂದು ಬಣ್ಣದ, ಚಿತ್ರವಿಲ್ಲದ, ನೋಡಲು ಏನೂ ಚೆಂದವಿಲ್ಲದ ಒಂದು ಪರದೆ. ಅಷ್ಟು ಚೆಂದದ್ದನ್ನು ನಾನು ಇತ್ತೀಚೆಗೆ ನೋಡಿರಲಿಲ್ಲ. ಮಾನಸಾ ತೋರಿಸಿದ ಕಡೆ ರಂಜನಿ ತಾನೇ ಸೆಕ್ಯೂರ್ ಬೂಟ್ ಆನ್ ಮಾಡಿ, ಉಳಿಸಿ, ಹೊರಬಂದಳು. ಪರೀಕ್ಷೆಯ ಸಾಫ್ಟ್‌ವೇರಿನಲ್ಲಿ ಕೆಂಪು ಹೋಗಿ ಹಸಿರು ಬಂದಾಗ ಒಂದೂ ಇಪ್ಪತ್ತು. ಎರಡು ತುತ್ತು ಮೊಸರನ್ನ ತಿನ್ನಲು ಹೊತ್ತು ಸಿಕ್ಕಿತು.

ಪರೀಕ್ಷೆಯ ಹೊತ್ತಿನಲ್ಲಿ ಕ್ಯಾಮೆರಾ ನೋಡುತ್ತಿರುತ್ತದೆ, ಕೋಣೆಯಲ್ಲಿ ಬೇರೆ ನರಪಿಳ್ಳೆ ಇರಬಾರದು, ಯಾರ ದನಿಯೂ ಕೇಳಬಾರದು. ನನ್ನನ್ನು ಜಗಲಿಗೆ ಹಾಕಿದರು. ಮಾನಸಾ ಅಂಗಡಿಗೆ ಹೋದವಳು ಎರಡಾಗುವ ಮೊದಲೇ ತನ್ನ ಯುಪಿಎಸ್ ಹೊತ್ತುಕೊಂಡು ವಾಪಸ್ ಬಂದಳು. ಕರೆಂಟ್ ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಇಂಟರ್‌ನೆಟ್ಟಿನ ಡಬ್ಬಿಗೆ ಇಲ್ಲವಲ್ಲ ಅಂತ ಯೋಚಿಸಿದ್ದಳು. ಅದನ್ನು ಸಿಕ್ಕಿಸಿ ನನ್ನ ಪಕ್ಕ ಕೂತಳು. "ನೀನು ಹೋಗಮ್ಮ, ನಿನ್ನ ಅಂಗಡಿ ಮುಚ್ಚಿದೆ" ಅಂದರೆ, "ಮದ್ದು ಹಾಕಿದ್ಮೇಲೆ ಹಸ ಎದ್ದು ಮೇವಿಗ್ ಬಾಯಿ ಹಾಕೋಗಂಟ ನಮ್ಮಪ್ಪ ಜಾಗ ಬುಟ್ಟು ಏಳ್ತಿರ್ಲಿಲ್ಲ" ಅಂದಳು.

ಎರಡೂವರೆಗೆ ಕರೆಂಟ್ ಹೋಯಿತು. ಒಳಗೆ ಫ್ಯಾನ್ ನಿಂತ ಸದ್ದು ಕೇಳಿ ನನ್ನ ಜೀವವೇ ನಿಂತಿತು. ಮಾನಸಾ ಕಿಟಕಿಯಿಂದ ಇಣುಕಿ, ಡಬ್ಬಿಯ ದೀಪ ಉರಿಯುತ್ತಿದೆ ಅಂತ ಕೈಸನ್ನೆ ಮಾಡಿದಳು. ಮೂರೂವರೆಗೆ ಸೊಪ್ಪು ಮಾರುವ ಬಸವಲಿಂಗಮ್ಮ ಬುಟ್ಟಿ ಹೊತ್ತು ಬೀದಿ ತಿರುವಿನಲ್ಲಿ "ದಂಟೂ, ಸಬ್ಬಸ್ಗೇ" ಅಂತ ಶುರುಮಾಡಿದಳು. ನಾನು ಬರಿಗಾಲಲ್ಲಿ ತುದಿಬೆರಳ ಮೇಲೆ ಓಡಿ ಹೋಗಿ ಅವಳೆದುರು ಕೈಮುಗಿದು ನಿಂತೆ. "ಏನಾಗದೆ ಸಾಮಿ, ಉಷಾರಾಗಿದ್ದೀರಾ?" ಅಂದಳು. ನಾನು ಯಾರಿಗಾದರೂ ಬಾಯಿ ಬಿಡದೆ ಕೈಮುಗಿದದ್ದನ್ನು ಅವಳು ಕಂಡಿರಲೇ ಇಲ್ಲ.

ಐದಕ್ಕೆ ಬಾಗಿಲು ತೆರೆಯಿತು. ರಂಜನಿಯ ಮುಖ ಕೆಂಪಾಗಿತ್ತು. "ಬರೆದೆ. ಎಲ್ಲ ಬರೆದೆ" ಅಂದಳು. ಮಾನಸಾ ಯುಪಿಎಸ್ ಬಿಚ್ಚುವ ನೆವದಲ್ಲಿ ಒಳಕ್ಕೆ ಹೋದಳು. ಅವಳು ಹೋಗುತ್ತ ನನ್ನನ್ನು ನೋಡಿದ ರೀತಿ ನನಗೆ ಅರ್ಥವಾಯಿತು.

ಹೇಳಿದೆ. ಗಂಧ, ಅಕ್ಷತೆ, ಈಶಾನ್ಯ, ಹದಿನಾರು ಲ್ಯಾಪ್‌ಟಾಪ್, ಎಲ್ಲ. ರಂಜನಿ ಮೊದಲು ನಂಬಲಿಲ್ಲ. ಆಮೇಲೆ ಜಗಲಿಯ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಸುಸ್ತಾಗಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಗಂಧದ್ದು ಹೋಗಲಿ ಬಿಡಿ, ಗೊತ್ತಿಲ್ಲದೆ ಮಾಡಿದ್ದು" ಅಂದಳು. "ಆದರೆ ಆವತ್ತು ಮುಂದಿನ ವರ್ಷ ಅಂದಿರಲ್ಲ, ಅದಕ್ಕೊಂದು ಮಾತು ಹೇಳ್ತೀರೇನೋ ಅಂತ ಇಪ್ಪತ್ತೆರಡು ವರ್ಷ ಕಾದೆ."

ಸಾವಿರ ಜನರ ಪರವಾಗಿ ದೇವರಲ್ಲಿ ಕ್ಷಮೆ ಕೇಳುವವನು ನಾನು. ದಿನಾ ಕೇಳುತ್ತೇನೆ, ಸಂಸ್ಕೃತದಲ್ಲಿ. ಕನ್ನಡದಲ್ಲಿ, ನನ್ನ ಪರವಾಗಿ, ಒಮ್ಮೆಯೂ ಕೇಳಿರಲಿಲ್ಲ. "ತಪ್ಪು ಮಾಡಿದೆ ಕಣೇ ರಂಜನಿ" ಅಂದೆ. ಅವಳು ನನ್ನ ಉತ್ತರೀಯದ ಮಡಿಕೆ ಸರಿಮಾಡಿ, "ಗುಡಿ ಬಾಗಿಲು ತೆಗೆಯೋ ಹೊತ್ತಾಯ್ತು, ಹೊರಡಿ" ಅಂದಳು.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ಎಪ್ಪತ್ತೊಂದು. ಬೀದಿಗೆಲ್ಲ ಮೈಸೂರುಪಾಕು ಹಂಚಿದೆ, ಮೊದಲ ತಟ್ಟೆ ಮಾನಸಾಗೆ. ಆಯುಧಪೂಜೆಯಲ್ಲಿ ಎಲ್ಲರ ಲ್ಯಾಪ್‌ಟಾಪಿಗೂ ಪೂರ್ವಾಭಿಮುಖವಾಗಿಯೇ ಪೂಜೆ ಮಾಡಿದೆ, ಆದರೆ ಈಶಾನ್ಯ ಮೂಲೆಯ ಮೇಲೆ ಮೊದಲು ಒಂದು ವೀಳ್ಯದೆಲೆ ಹಾಸಿ, ಗಂಧ ಅಕ್ಷತೆ ಎಲೆಯ ಮೇಲೆ. ಆ ಉಪಾಯ ಮಾನಸಾಳದು. ಊರಿನವರು ಹೊಸ ಶಾಸ್ತ್ರವೇನೋ ಅಂದುಕೊಂಡು ಕೈಮುಗಿದರು. ನಾನೂ ತಿದ್ದಲು ಹೋಗಲಿಲ್ಲ.

ಮೈಸೂರುಪಾಕು ಕೊಟ್ಟ ದಿನವೇ ರಂಜನಿ ಮಾನಸಾಳನ್ನು ಹಿಡಿದು ಕೂರಿಸಿದ್ದಳು. "ನಿನ್ನ ಡಿಪ್ಲೊಮಾದಲ್ಲಿ ಉಳಿದಿರೋದು ಯಾವ ಪೇಪರೇ?"

"ಗಣಿತ ಕಣಕ್ಕ. ಇನ್ನೊಂದ್ ದಪ ಕಟ್ಬೋದು. ಭಯ. ಮುಂದಿನ್ ವರ್ಸ ನೋಡುವಾ ಅಂತ..."

"ಮುಂದಿನ ವರ್ಷ ಅನ್ನೋ ಮಾತು ಈ ಮನೇಲಿ ಆಡಬೇಡ. ನಾಳೆ ಅಂಗಡಿ ಮುಚ್ಚಿಕೊಂಡು ಬಾ."

ಈಗ ಸಂಜೆ ಆರಕ್ಕೆ ನಡುಮನೆಯ ಆ ಮೇಜಿನ ಮುಂದೆ ಇಬ್ಬರೂ ಕೂರುತ್ತಾರೆ. ಕಾಳಯ್ಯನವರ ಮಗಳು ಲೆಕ್ಕಕ್ಕೂ ಪ್ರಶ್ನೆ ಕೇಳಿ ಕೇಳಿಯೇ ದಾರಿ ಹುಡುಕುತ್ತಾಳೆ, ರಂಜನಿ ಬೇಸರಪಡದೆ ಉತ್ತರ ಹೇಳುತ್ತಾಳೆ. ಪರೀಕ್ಷೆ ನವೆಂಬರಿನಲ್ಲಿ. ಬೋರ್ಡಿನಲ್ಲಿ ಡಿಪ್ಲೊಮಾ ಅಂತ ಬರೆಯಲು ಎಷ್ಟು ಜಾಗ ಬೇಕಾಗುತ್ತದೆ ಅಂತ ನಾನು ಆಗಲೇ ಗೇಣು ಹಾಕಿ ನೋಡಿ ಬಂದಿದ್ದೇನೆ. ಮಂಗಳಾರತಿ ಮುಗಿಸಿ ಮನೆಗೆ ಬಂದರೆ ಒಳಗೆ ಪಾಠ ನಡೆಯುತ್ತಿರುತ್ತದೆ. ಆಗ ನಾನು ಚಪ್ಪಲಿ ಸದ್ದಾಗದಂತೆ ಬಿಟ್ಟು, ಜಗಲಿಯ ಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.